ಕುರ್ಚಿ ಎಲ್ಲಿ ಹಾಕೋಣ? ಕ್ಯಾಮೆರಾ ಕಥೆ ಹೇಳೋ ಬಗೆ

ನಮ್ಮ ಜಿಲ್ಲೆಯ ಗುಬ್ಬಿಯಿಂದಲೇ ಶುರು ಮಾಡೋಣ. 1884ರಲ್ಲಿ ಅಲ್ಲಿ ಹುಟ್ಟಿದ ಒಂದು ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ದೊಡ್ಡ ಹೆಸರು ಮಾಡಿತು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ಸ್ಟೇಜಿಗೆ ತಂದವರು ಅವರು. ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಅದಕ್ಕಿಂತ ದೊಡ್ಡ ವಿಎಫ್‌ಎಕ್ಸ್ ಇನ್ನೇನಿರಲು ಸಾಧ್ಯ!

ಆದರೆ ಆನೆ ತಂದರೂ ಆಗದ ಕೆಲಸ ಒಂದಿತ್ತು. ಕೊನೇ ಸಾಲಿನಲ್ಲಿ ಕೂತವರಿಗೆ ನಟನ ಕಣ್ಣಂಚಿನಲ್ಲಿ ನೀರು ತುಂಬಿದ್ದು ಕಾಣ್ತಿರಲಿಲ್ಲ. ಯಾವ ಕುರ್ಚಿಗೆ ಟಿಕೆಟ್ ತಗೊಂಡಿದ್ದೀರೋ ಬೆಳಗಿನ ಜಾವದವರೆಗೂ ಅದೇ ಕುರ್ಚಿ, ಅದೇ ದೂರ, ಅದೇ ಕೋನ. ಅದಕ್ಕೇ ಕಂಪನಿ ನಾಟಕದವರು ದನಿ ಎತ್ತಿ ಮಾತಾಡ್ತಿದ್ದರು, ಕೈ ಬೀಸಿ ಅಭಿನಯಿಸ್ತಿದ್ದರು. ಕೊನೇ ಸಾಲಿಗೂ ತಲುಪಬೇಕಲ್ಲ.

1954ರಲ್ಲಿ ಅದೇ ಗುಬ್ಬಿ ಕಂಪನಿ ಆಡುತ್ತಿದ್ದ ‘ಬೇಡರ ಕಣ್ಣಪ್ಪ’ ಸಿನಿಮಾ ಆಯಿತು. ಎಚ್.ಎಲ್.ಎನ್. ಸಿಂಹ ನಿರ್ದೇಶನ, ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಕಥೆ ಅದು. ಕಥೆ ಹಳೆಯದು, ಕಂಪನಿಯೂ ಹಳೆಯದು. ಬದಲಾಗಿದ್ದು ಒಂದೇ. ಈಗ ಪ್ರೇಕ್ಷಕನ ಕುರ್ಚಿಯನ್ನು ಬೇರೆ ಯಾರೋ ಎತ್ತಿಕೊಂಡು ಓಡಾಡಬಹುದು. ಬೇಕಾದರೆ ನಟನ ಮುಖದಿಂದ ಒಂದು ಅಡಿ ದೂರಕ್ಕೆ, ಬೇಕಾದರೆ ಬೆಟ್ಟದ ತುದಿಗೆ.

ಕ್ಯಾಮೆರಾ ಅಂದರೆ ಇಷ್ಟೇ ಅಂತ ನಮಗನ್ನಿಸುತ್ತೆ. ಅದು ನೋಡೋರ ಕುರ್ಚಿ. ಆ ಕುರ್ಚಿಯನ್ನ ಎಲ್ಲಿ ಹಾಕ್ತೀರಿ, ಎಷ್ಟು ಎತ್ತರದಲ್ಲಿ ಹಾಕ್ತೀರಿ, ಎಷ್ಟು ಹೊತ್ತು ಅಲ್ಲೇ ಬಿಡ್ತೀರಿ ಅನ್ನೋದರ ಮೇಲೆ ಒಂದೇ ಕಥೆ ಬೇರೆ ಬೇರೆ ಕಥೆ ಆಗಿಬಿಡುತ್ತೆ. ಮಾಮೂಲಿ ಕಥೆಗೆ ಕುರ್ಚಿ ಎಲ್ಲಿದ್ದರೂ ಹೇಗೋ ನಡೆಯುತ್ತೆ. ವಿಚಿತ್ರ ಕಥೆ, ಯಾರೂ ಹೇಳದ ಕಥೆ ಹೇಳೋಕೆ ಹೊರಟಾಗ ಮಾತ್ರ ಕುರ್ಚಿ ತಪ್ಪು ಜಾಗದಲ್ಲಿದ್ದರೆ ಕಥೆಯೇ ಸತ್ತುಹೋಗುತ್ತೆ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮಗೆ ಸಿನಿಮಾ ಪಾಠ ಅಂದರೆ ಯೂಟ್ಯೂಬಿನಲ್ಲಿ ಬರೋ ಹಾಲಿವುಡ್ ವಿಡಿಯೋಗಳೇ. ನೋಲನ್ ಹೀಗೆ ಮಾಡಿದ, ಕುಬ್ರಿಕ್ ಹಾಗೆ ಮಾಡಿದ. ಆದರೆ ಈ ಪ್ರಶ್ನೆಗೆ ಬೇಕಾದ ಉತ್ತರಗಳೆಲ್ಲ ಕನ್ನಡದ ಸಿನಿಮಾಗಳಲ್ಲಿ, ಕನ್ನಡದ ಕ್ಯಾಮೆರಾಮನ್‌ಗಳ ಕೆಲಸದಲ್ಲೇ ಇವೆ. ಅವನ್ನ ಒಂದೊಂದಾಗಿ ನೋಡೋಣ.

ಲೆಕ್ಕ ಬಿಡಿಸೋಕೆ ಒಂದು ಉದಾಹರಣೆ ಬೇಕಲ್ಲ, ಅದಕ್ಕೆ ಒಂದು ಕಥೆ ಕಟ್ಟಿಕೊಳ್ಳೋಣ. ಊರ್ಡಿಗೆರೆ ಬಸ್ ಸ್ಟಾಪು. ಒಬ್ಬ ಅಜ್ಜಿ ದಿನಾ ಸಂಜೆ ಬಂದು ಕೂರ್ತಾರೆ. ತುಮಕೂರಿನ ಬಸ್ ಬರುತ್ತೆ. ಅಜ್ಜಿ ಹತ್ತಲ್ಲ. ಇಳಿಯೋರ ಮುಖ ಒಂದೊಂದನ್ನೂ ನೋಡ್ತಾರೆ. ಬಸ್ ಹೊರಟ ಮೇಲೆ ಎದ್ದು ಮನೆಗೆ ಹೋಗ್ತಾರೆ. ಅಷ್ಟೇ ಕಥೆ. ಫೈಟ್ ಇಲ್ಲ, ಡೈಲಾಗ್ ಇಲ್ಲ, ಯಾರಿಗೆ ಕಾಯ್ತಿದ್ದಾರೆ ಅಂತಾನೂ ಹೇಳಲ್ಲ. ಇದನ್ನ ಸಿನಿಮಾ ಮಾಡೋಕಾಗುತ್ತಾ?

ಕುರ್ಚಿಯ ಎತ್ತರ: ಯಾರ ಕಣ್ಣು?

ದೊಡ್ಡವರು ನಿಂತು ಶೂಟ್ ಮಾಡಿದರೆ ಕ್ಯಾಮೆರಾ ಸುಮಾರು ಐದು ಅಡಿ ಎತ್ತರದಲ್ಲಿರುತ್ತೆ. ಅದನ್ನ ಮೂರು ಅಡಿಗೆ ಇಳಿಸಿ ನೋಡಿ. ಬಾಗಿಲು ಎತ್ತರವಾಗುತ್ತೆ. ದೊಡ್ಡವರ ಮುಖ ಮೇಲೆಲ್ಲೋ ಇರುತ್ತೆ, ಅವರ ಕೈ ಮಾತ್ರ ನಿಮ್ಮ ಕಣ್ಣಿನ ನೇರಕ್ಕೆ ಬರುತ್ತೆ. ಪ್ರಪಂಚ ಒಂಚೂರು ಭಯ ಹುಟ್ಟಿಸುತ್ತೆ. ಈಗ ನೀವು ಮಗು.

1973ರ ‘ಕಾಡು’ ಚಿತ್ರದ ಕಥೆ ಕಿಟ್ಟಿ ಅನ್ನೋ ಹುಡುಗನದು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ್ ಕಾರ್ನಾಡರ ನಿರ್ದೇಶನ, ಗೋವಿಂದ್ ನಿಹಲಾನಿಯವರ ಕ್ಯಾಮೆರಾ. ಎರಡು ಹಳ್ಳಿಗಳ ದ್ವೇಷ, ರಾತ್ರಿ ಹೊತ್ತು ಪಕ್ಕದ ಊರಿನ ಇನ್ನೊಬ್ಬಳ ಮನೆಗೆ ಹೋಗೋ ಚಿಕ್ಕಪ್ಪ, ಒಳಗೊಳಗೇ ಬೇಯೋ ಚಿಕ್ಕಮ್ಮ. ಇದೆಲ್ಲ ದೊಡ್ಡವರ ಕಥೆ. ಆದರೆ ನಮಗೆ ಸಿಗೋದು ಕಿಟ್ಟಿಗೆ ಸಿಕ್ಕಷ್ಟೇ. ಅವನಿಗೆ ದೊಡ್ಡವರ ಜಗಳಕ್ಕಿಂತ ಕಾಡಿನಲ್ಲಿ ಹೆಸರು ಹಿಡಿದು ಕರೆಯುತ್ತೆ ಅನ್ನೋ ಹಕ್ಕಿಯೇ ಹೆಚ್ಚು ನಿಜ. ಹಾಗಾಗಿ ನೋಡ್ತಾ ನೋಡ್ತಾ ನಮಗೂ ಆ ಹಕ್ಕಿ ನಿಜವಾಗುತ್ತೆ.

1977ರ ‘ಘಟಶ್ರಾದ್ಧ’ದಲ್ಲಿ ಇದು ಇನ್ನೂ ಹರಿತ. ಯು.ಆರ್. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ. ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿಗೆ ಅಲ್ಲಿ ಅಕ್ಕರೆ ತೋರಿಸೋಳು ಉಡುಪರ ಮಗಳು ಯಮುನಾ. ಅವಳು ಚಿಕ್ಕ ವಯಸ್ಸಿನ ವಿಧವೆ, ಈಗ ಗರ್ಭಿಣಿ. ಊರು ಅವಳು ಬದುಕಿರುವಾಗಲೇ ಅವಳ ಶ್ರಾದ್ಧ ಮಾಡುತ್ತೆ. ಇದನ್ನ ಊರಿನ ಹಿರಿಯರ ಕಡೆಯಿಂದ ತೋರಿಸಿದ್ದರೆ ಪಂಚಾಯ್ತಿ ಕಥೆ ಆಗ್ತಿತ್ತು. ಕಾಸರವಳ್ಳಿ ಕುರ್ಚಿಯನ್ನ ನಾಣಿಯ ಪಕ್ಕ ಹಾಕಿದರು. ಏನು ನಡೀತಿದೆ ಅಂತ ನಾಣಿಗೆ ಪೂರ್ತಿ ಗೊತ್ತಾಗಲ್ಲ, ನಮಗೆ ಗೊತ್ತಾಗುತ್ತೆ. ಅವನಿಗೆ ಅರ್ಥವಾಗದ್ದಕ್ಕೂ ನಮಗೆ ಅರ್ಥವಾಗಿದ್ದಕ್ಕೂ ಮಧ್ಯೆ ಇರೋ ಆ ಅಂತರ ಇದ್ಯಲ್ಲ, ಸಿನಿಮಾದ ಸಂಕಟವೆಲ್ಲ ಅಲ್ಲೇ ಇದೆ. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಅದೇ. 2024ರಲ್ಲಿ ಅದರ ದುರಸ್ತಿಗೊಂಡ ಹೊಸ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಹತ್ತಿರ ಹತ್ತಿರ ಐವತ್ತು ವರ್ಷ ಆದಮೇಲೂ ನಾಣಿಯ ಕಣ್ಣು ಕೆಲಸ ಮಾಡ್ತಾನೇ ಇದೆ.

ಈಗ ನಮ್ಮ ಅಜ್ಜಿಗೆ ಬನ್ನಿ. ಎದ್ದು ನಿಂತು ಮೇಲಿಂದ ಶೂಟ್ ಮಾಡಿದರೆ ಅಜ್ಜಿ ‘ಪಾಪ’ ಅನ್ನಿಸ್ತಾರೆ. ನಾವೂ ನೆಲಕ್ಕೆ ಕೂತು, ಅವರ ಕಣ್ಣಿನ ಎತ್ತರಕ್ಕೆ ಫೋನ್ ಹಿಡಿದರೆ? ಬಸ್ಸು ದೊಡ್ಡದಾಗುತ್ತೆ, ಇಳಿಯೋರ ಕಾಲು ಮೊದಲು ಕಾಣುತ್ತೆ, ಮುಖ ಆಮೇಲೆ. ಈಗ ಅಜ್ಜಿ ಹೇಗೆ ಕಾಯ್ತಾರೋ ನಾವೂ ಹಾಗೇ ಕಾಯ್ತೀವಿ. ಖರ್ಚು ಸೊನ್ನೆ. ಪ್ಯಾಂಟಿಗೆ ಒಂಚೂರು ಮಣ್ಣು.

ಬೆಳಕು: ಎರಡು ಕನ್ನಡಿಯ ಲೆಕ್ಕ

‘ಕಾಡು’ ಚಿತ್ರದ ನಿಹಲಾನಿ ಕ್ಯಾಮೆರಾ ಕಲಿತದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಆಮೇಲೆ ಅವರು ಅಸಿಸ್ಟೆಂಟ್ ಆಗಿ ಸೇರಿದ್ದು ವಿ.ಕೆ. ಮೂರ್ತಿಯವರ ಹತ್ತಿರ. ಮೂರ್ತಿಯವರು 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಅವರೂ ಅದೇ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಡಿಪ್ಲೊಮಾ ಮುಗಿಸಿದವರು. ಅಂದರೆ ಭಾರತದ ಇಬ್ಬರು ದೊಡ್ಡ ಛಾಯಾಗ್ರಾಹಕರು ನಮ್ಮ ಹಾಗೇ ಟೆಕ್ನಿಕಲ್ ಎಜುಕೇಶನ್‌ನವರು. ಲ್ಯಾಬ್ ರೆಕಾರ್ಡ್ ಬರೆಯೋವಾಗ ಬೇಜಾರಾದರೆ ಇದನ್ನ ನೆನಪಿಸಿಕೊಳ್ಳಿ.

ಮೂರ್ತಿಯವರು ಗುರುದತ್ ಜೊತೆ ಮಾಡಿದ ‘ಕಾಗಜ್ ಕೆ ಫೂಲ್’ 1959ರದು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಹೆಸರು ದೊಡ್ಡದು, ತತ್ವ ಸರಳ. ವಿಶೇಷ ಲೆನ್ಸ್ ಒಂದು ಅಗಲವಾದ ದೃಶ್ಯವನ್ನ ಅಡ್ಡಡ್ಡಕ್ಕೆ ಹಿಂಡಿ ಮಾಮೂಲಿ ಫಿಲಂ ಮೇಲೆ ಕೂರಿಸುತ್ತೆ. ಫಿಲಂನಲ್ಲಿ ಎಲ್ಲರೂ ಕಡ್ಡಿಯಂತೆ ತೆಳ್ಳಗೆ ಕಾಣ್ತಾರೆ. ಥಿಯೇಟರಿನ ಪ್ರೊಜೆಕ್ಟರ್ ಲೆನ್ಸ್ ಅದನ್ನ ಮತ್ತೆ ಎಳೆದು ಅಗಲ ಮಾಡುತ್ತೆ. ಪರದೆಯ ಅಗಲ ಎತ್ತರದ ಎರಡು ಪಟ್ಟಿಗಿಂತ ಹೆಚ್ಚು.

ಸಾಮಾನ್ಯವಾಗಿ ಇಷ್ಟು ಅಗಲ ಸಿಕ್ಕಿದರೆ ಯುದ್ಧ, ಮೆರವಣಿಗೆ ತೋರಿಸೋಣ ಅನ್ನಿಸುತ್ತೆ. ಇವರು ತೋರಿಸಿದ್ದು ಖಾಲಿ ಜಾಗ. ಎಲ್ಲ ಕಳಕೊಂಡ ಒಬ್ಬ ನಿರ್ದೇಶಕನ ಕಥೆ ಅದು. ಅಷ್ಟು ಅಗಲದ ಖಾಲಿ ಸ್ಟುಡಿಯೋದಲ್ಲಿ ಒಬ್ಬ ಮನುಷ್ಯ ನಿಂತರೆ ಒಂಟಿತನ ಅಂತ ಡೈಲಾಗ್ ಬರೆಯೋ ಅಗತ್ಯವೇ ಇಲ್ಲ.

ಆ ಚಿತ್ರದ ಒಂದು ಹಾಡಿನಲ್ಲಿ ಮೇಲಿಂದ ಓರೆಯಾಗಿ ಒಂದು ಬೆಳಕಿನ ಕೋಲು ಬೀಳುತ್ತೆ. ಪ್ರೀತಿಸೋ ಇಬ್ಬರು ದೂರ ದೂರ ನಿಂತಿದ್ದಾರೆ, ಹತ್ತಿರ ಬರೋ ಹಾಗಿಲ್ಲ. ಅವರ ದೇಹದಿಂದ ನೆರಳಿನಂಥ ರೂಪಗಳು ಎದ್ದು ಆ ಬೆಳಕಿನಲ್ಲಿ ಸೇರುತ್ತವೆ. ಆ ಕೋಲನ್ನ ಲೈಟ್ ಹಾಕಿ ಮಾಡೋಕಾಗ್ತಿರಲಿಲ್ಲ. ಯಾಕೆ ಅಂತ ನಮ್ಮ ಫಿಸಿಕ್ಸೇ ಹೇಳುತ್ತೆ. ಲೈಟ್ ಹತ್ತಿರ ಇರುತ್ತೆ, ಅದರ ಕಿರಣ ಹೊರಟ ಕೂಡಲೇ ಹರಡಿಕೊಳ್ಳುತ್ತೆ. ಸೂರ್ಯ ಎಷ್ಟು ದೂರ ಇದ್ದಾನೆ ಅಂದರೆ ಅವನ ಕಿರಣಗಳು ನಮ್ಮ ಹತ್ತಿರ ಬರೋ ಹೊತ್ತಿಗೆ ಹೆಚ್ಚುಕಮ್ಮಿ ಸಮಾನಾಂತರ. ಮೂರ್ತಿಯವರು ದೊಡ್ಡ ಕನ್ನಡಿಗಳನ್ನ ತರಿಸಿದರು. ಹೊರಗಿನ ಬಿಸಿಲಿಗೆ ಒಂದು, ಅದರಿಂದ ಬಂದ ಬಿಸಿಲನ್ನ ಸೆಟ್ಟಿನೊಳಕ್ಕೆ ತಿರುಗಿಸೋಕೆ ಇನ್ನೊಂದು. ಸೂರ್ಯನನ್ನೇ ಸ್ಟುಡಿಯೋ ಒಳಗೆ ಕರೆದುಕೊಂಡು ಬಂದರು. ಅಂಥ ಕೋಲು ಕಣ್ಣಿಗೆ ಕಾಣಬೇಕಾದರೆ ಗಾಳಿಯಲ್ಲಿ ಧೂಳೋ ಹೊಗೆಯೋ ಇರಬೇಕು. ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ ಟಿಂಡಲ್ ಎಫೆಕ್ಟ್ ನೆನಪಿದ್ಯಾ? ಅದೇ.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು.

ಕಾಲ: 24ನ್ನ 48 ಮಾಡಿದರೆ

ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಓಡುತ್ತೆ. ಶೂಟ್ ಮಾಡೋವಾಗ ಸೆಕೆಂಡಿಗೆ 48 ಚಿತ್ರ ತೆಗೆದು, ತೋರಿಸೋವಾಗ 24ರ ಲೆಕ್ಕದಲ್ಲೇ ತೋರಿಸಿದರೆ ಐದು ಸೆಕೆಂಡಿನ ಓಟ ಹತ್ತು ಸೆಕೆಂಡ್ ಆಗುತ್ತೆ. ಅದೇ ಸ್ಲೋ ಮೋಷನ್.

1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ರಾಮಾಚಾರಿ ಮತ್ತು ಅಲಮೇಲು ಹಾಡನ್ನ ಸ್ಲೋ ಮೋಷನ್‌ನಲ್ಲಿ ತೆಗೆದರು. ಕ್ಯಾಮೆರಾ ಚಿಟ್ಟಿಬಾಬು ಅವರದು. ಒಂದೆರಡು ಶಾಟ್ ಅಲ್ಲ, ಹಾಡಿಗೆ ಹಾಡನ್ನೇ ಹಾಗೆ ತೆಗೆಯೋದು ಆಗ ಹೊಸತು. ರಾಮಾಚಾರಿ ಎಂಥವನು? ಮೂಗಿನ ತುದಿಯಲ್ಲೇ ಸಿಟ್ಟು, ಮಾತಿಗೆ ಮುಂಚೆ ಕೈ. ಅಂಥವನ ಮನಸ್ಸಿನೊಳಗೆ ಪ್ರೀತಿ ಬಂದಾಗ ಕಾಲವೇ ನಿಧಾನ ಆಗುತ್ತೆ ಅಂತ ಹೇಳಬೇಕಿತ್ತು. ಮಾತಿನಲ್ಲಿ ಹೇಳಿದ್ದರೆ ಯಾರೂ ನಂಬ್ತಿರಲಿಲ್ಲ.

ಇದರಲ್ಲೂ ಇಂಜಿನಿಯರಿಂಗ್ ಇದೆ. ಸೆಕೆಂಡಿಗೆ ಎರಡು ಪಟ್ಟು ಚಿತ್ರ ಅಂದರೆ ಒಂದೊಂದು ಚಿತ್ರಕ್ಕೂ ಸಿಗೋ ಬೆಳಕು ಅರ್ಧ. ಹಾಗಾಗಿ ಸ್ಲೋ ಮೋಷನ್‌ಗೆ ಬಿಸಿಲು ಬೇಕು. ಹಾಸ್ಟೆಲ್ ರೂಮಿನ ಟ್ಯೂಬ್‌ಲೈಟಿನಲ್ಲಿ ನಿಮ್ಮ ಫೋನಿನ ಸ್ಲೋ ಮೋಷನ್ ಹಾಕಿ ನೋಡಿ, ವಿಡಿಯೋ ಮಿಣಮಿಣ ಅನ್ನುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣಲ್ಲ, ಸೆಕೆಂಡಿಗೆ 240 ಚಿತ್ರ ತೆಗೆಯೋ ಕ್ಯಾಮೆರಾಗೆ ಕಾಣುತ್ತೆ.

ಅಜ್ಜಿಯ ಕಥೆಗೆ ಸ್ಲೋ ಮೋಷನ್ ಬೇಕಾ? ಬೇಡ ಅಂತ ನಮ್ಮ ಅಭಿಪ್ರಾಯ. ಕಾಯೋರಿಗೆ ಕಾಲ ಹೇಗೂ ನಿಧಾನ. ಅದನ್ನ ಮತ್ತೆ ನಿಧಾನ ಮಾಡಿದರೆ ಟೂತ್‌ಪೇಸ್ಟ್ ಜಾಹೀರಾತು ಆಗುತ್ತೆ. ಟೆಕ್ನಿಕ್ ಗೊತ್ತಿರೋದು ಒಂದು, ಅದನ್ನ ಯಾವಾಗ ಬಿಡಬೇಕು ಅಂತ ಗೊತ್ತಿರೋದು ಇನ್ನೊಂದು.

ಒಬ್ಬರೇ ಇಬ್ಬರಾದಾಗ

ಅಪ್ಪ ಮಗ ಯುದ್ಧಕ್ಕೆ ನಿಲ್ಲೋ ಕಥೆ ನಮ್ಮ ಪುರಾಣದಲ್ಲೇ ಇದೆ. ಆ ಅಪ್ಪನೂ ಮಗನೂ ಒಬ್ಬರೇ ನಟ ಆದರೆ? 1977ರ ‘ಬಭ್ರುವಾಹನ’ದಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಮಾಡಿದ್ದು ಅದನ್ನೇ. ಅರ್ಜುನನೂ ಅಣ್ಣಾವ್ರೇ, ಬಭ್ರುವಾಹನನೂ ಅಣ್ಣಾವ್ರೇ. ಮಾರನೇ ವರ್ಷವೇ ‘ಶಂಕರ್ ಗುರು’ ಬಂತು, ಅದರಲ್ಲಿ ಮೂರು ಪಾತ್ರ!

ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಡಬಲ್ ಆಕ್ಟಿಂಗ್‌ಗೆ ಸಾಮಾನ್ಯವಾಗಿ ಬಳಸ್ತಿದ್ದ ಉಪಾಯ ಹೀಗಿತ್ತು. ಲೆನ್ಸಿನ ಮುಂದೆ ಬಲಗಡೆ ಅರ್ಧಕ್ಕೆ ಕಪ್ಪು ಮುಚ್ಚಳ ಹಾಕಿ. ನಟ ಎಡಗಡೆ ನಿಂತು ಅರ್ಜುನನಾಗಿ ಮಾತಾಡ್ತಾರೆ. ಫಿಲಂನ ಎಡ ಅರ್ಧಕ್ಕೆ ಮಾತ್ರ ಬೆಳಕು ಬಿತ್ತು, ಬಲ ಅರ್ಧ ಹಾಗೇ ಉಳೀತು. ಫಿಲಂನ ವಾಪಸ್ ಸುತ್ತಿ. ನಟ ವೇಷ ಬದಲಿಸಿ ಬಂದು ಬಲಗಡೆ ನಿಲ್ತಾರೆ, ಮುಚ್ಚಳ ಈಗ ಎಡಗಡೆಗೆ. ಅದೇ ಫಿಲಂ ಮತ್ತೆ ಓಡುತ್ತೆ. ತೊಳೆದು ನೋಡಿದರೆ ಇಬ್ಬರು!

ಹೇಳೋಕೆ ಸುಲಭ. ಎರಡು ಸಲದ ಮಧ್ಯೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲ್ಲಾಡಬಾರದು. ಬೆಳಕು ಬದಲಾಗಬಾರದು. ನಟ ಮಧ್ಯದ ಗೆರೆ ದಾಟಿ ಕೈ ಚಾಚಿದರೆ ಕೈ ಮಾಯ. ಇದೆಲ್ಲಕ್ಕಿಂತ ಕಷ್ಟದ್ದು ನಟನ ಕೆಲಸ. ಎದುರಿಗೆ ಯಾರೂ ಇಲ್ಲ, ಖಾಲಿ ಗಾಳಿ. ಆ ಗಾಳಿಯಲ್ಲಿ ಸರಿಯಾದ ಎತ್ತರಕ್ಕೆ ಕಣ್ಣಿಟ್ಟು, ಸರಿಯಾದ ಹೊತ್ತಿಗೆ ತಾನೇ ಕೊಡಬೇಕಾದ ಉತ್ತರಕ್ಕೆ ಸಿಟ್ಟಾಗಬೇಕು. ಕ್ಯಾಮೆರಾ ಅರ್ಧ ಕೆಲಸ ಮಾಡಿದರೆ ಉಳಿದರ್ಧ ನಟನ ಕಣ್ಣಿನದು.

ಮಾತೇ ಇಲ್ಲದಿದ್ದರೆ?

ಎಲ್ಲ ಟೆಕ್ನಿಕ್‌ಗೂ ನಿಜವಾದ ಪರೀಕ್ಷೆ ಡೈಲಾಗ್ ತೆಗೆದುಬಿಟ್ಟಾಗ. 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಆ ಪರೀಕ್ಷೆ ಬರೆದರು. ಅದೇ ‘ಪುಷ್ಪಕ ವಿಮಾನ’. ಬೆಂಗಳೂರಿನಲ್ಲಿ ತೆಗೆದ, ಇಪ್ಪತ್ತನೇ ಶತಮಾನದ ಕೊನೆಗೆ ಬಂದ, ಒಂದೂ ಮಾತಿಲ್ಲದ ಸಿನಿಮಾ. ಮೂಕಿ ಅಲ್ಲ, ಶಬ್ದಗಳೆಲ್ಲ ಇವೆ, ಮಾತು ಮಾತ್ರ ಇಲ್ಲ. ಕ್ಯಾಮೆರಾ ನಮ್ಮ ಬಿ.ಸಿ. ಗೌರೀಶಂಕರ್ ಅವರದು.

ಕಮಲ್ ಹಾಸನ್ ಪಾತ್ರ ಓದಿ ಕೆಲಸ ಸಿಗದ ಹುಡುಗ. ಕುಡಿದು ಬಿದ್ದಿದ್ದ ಒಬ್ಬ ಶ್ರೀಮಂತನನ್ನ ಕೂಡಿಹಾಕಿ, ಅವನ ಫೈವ್ ಸ್ಟಾರ್ ಹೋಟೆಲ್ ರೂಮಿನಲ್ಲಿ ತಾನು ಇರ್ತಾನೆ. ಅಲ್ಲಿ ಅವನಿಗೆ ನಿದ್ದೆ ಬರಲ್ಲ. ಯಾಕಂದರೆ ಅವನ ಹಳೇ ರೂಮು ಥಿಯೇಟರಿನ ಪಕ್ಕ, ಫೈಟಿನ ಸದ್ದಿನಲ್ಲೇ ಮಲಗಿ ಅಭ್ಯಾಸ. ಕೊನೆಗೆ ವಾಪಸ್ ಹೋಗಿ ಆ ಗಲಾಟೆಯನ್ನ ಟೇಪಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಹಾಕಿಕೊಂಡು, ನೆಮ್ಮದಿಯಾಗಿ ಮಲಗ್ತಾನೆ. ಬಡತನ ಅಭ್ಯಾಸವಾಗಿ ಹೋಗುತ್ತೆ ಅನ್ನೋ ಮಾತನ್ನ ಒಂದು ಟೇಪ್ ರೆಕಾರ್ಡರ್ ಹೇಳಿತು.

ಮಾತಿಲ್ಲದಾಗ ಕ್ಯಾಮೆರಾಗೆ ಒಂದು ಜವಾಬ್ದಾರಿ ಬರುತ್ತೆ. ಪ್ರೇಕ್ಷಕನಿಗೆ ಯಾವ ವಸ್ತು, ಯಾವಾಗ, ಎಷ್ಟು ಹೊತ್ತು ಕಾಣಬೇಕು ಅಂತ ಅದೇ ನಿರ್ಧರಿಸಬೇಕು. ಕೈ, ಬೀಗ, ಚೀಟಿ, ಗುಲಾಬಿ. ಮೊದಲು ವಸ್ತು, ಆಮೇಲೆ ಅದನ್ನ ನೋಡೋ ಮುಖ. ಈ ಎರಡು ಶಾಟ್ ಪಕ್ಕಪಕ್ಕ ಇಟ್ಟರೆ ಒಂದು ವಾಕ್ಯ ಆಗುತ್ತೆ. ನಮ್ಮ ಅಜ್ಜಿಯ ಕಥೆಯಲ್ಲೂ ಮಾತಿಲ್ಲ. ಹಾಗಾದರೆ ಅವರ ಕೈಯಲ್ಲಿ ಏನಿದೆ? ಒಂದು ಬಾಳೆಹಣ್ಣು ಇದೆ ಅಂತಿಟ್ಟುಕೊಳ್ಳಿ, ಬಸ್ ಹೋದಮೇಲೆ ಅದನ್ನ ವಾಪಸ್ ಸೆರಗಿಗೆ ಕಟ್ಟಿಕೊಳ್ತಾರೆ. ಆಗಲೇ ಗೊತ್ತಾಯ್ತಲ್ಲ, ಇಳಿಯಬೇಕಾಗಿದ್ದೋರು ಅವರ ಕಣ್ಣಲ್ಲಿ ಇನ್ನೂ ಚಿಕ್ಕವರು ಅಂತ.

ಯಾರು ಹೇಳ್ತಿರೋದು ನಿಜ?

ಜಪಾನಿನ ಅಕಿರಾ ಕುರೊಸಾವಾ 1950ರಲ್ಲಿ ‘ರಾಶೊಮಾನ್’ ತೆಗೆದರು. ಒಂದು ಕೊಲೆ, ಅದನ್ನ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ಅದರ ಛಾಯಾಗ್ರಾಹಕ ಕಜುವೊ ಮಿಯಾಗಾವಾ ಕೂಡ ದಟ್ಟ ಕಾಡಿನೊಳಗೆ ಕನ್ನಡಿ ಹಿಡಿದೇ ಬಿಸಿಲು ತಂದರು. ಮೂರ್ತಿಯವರಿಗಿಂತ ಒಂಬತ್ತು ವರ್ಷ ಮುಂಚೆ, ಪ್ರಪಂಚದ ಇನ್ನೊಂದು ಮೂಲೆಯಲ್ಲಿ, ಅದೇ ಉಪಾಯ!

ಆ ಬಗೆಯ ಕಥನ 2014ರಲ್ಲಿ ಮಲ್ಪೆಗೆ ಬಂತು. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’. ಅಷ್ಟಮಿಯ ಸುತ್ತ ನಡೆದ ಒಂದು ಘಟನೆ, ಅದನ್ನ ಕಂಡ ಬೇರೆ ಬೇರೆ ಜನ. ಕರಮ್ ಚಾವ್ಲಾ ಅವರ ಕ್ಯಾಮೆರಾ. ಇಂಥ ಕಥೆಯಲ್ಲಿ ಕುರ್ಚಿ ಒಂದು ಕಡೆ ಇದ್ದರೆ ಆಗೋದೇ ಇಲ್ಲ. ಒಬ್ಬರ ಕಣ್ಣಿಗೆ ವೀರ ಆದವನು ಇನ್ನೊಬ್ಬರ ಕಣ್ಣಿಗೆ ಬರೀ ಪುಂಡ. ನೋಡೋ ಜಾಗ ಬದಲಾದ ಕೂಡಲೇ ಮನುಷ್ಯ ಬದಲಾಗ್ತಾನೆ. ಹೆಸರಲ್ಲೇ ಇದೆಯಲ್ಲ, ‘ಕಂಡಂತೆ’ ಅಂತ.

ಅದಕ್ಕೂ ಒಂದು ವರ್ಷ ಮುಂಚೆ, 2013ರಲ್ಲಿ, ಪವನ್ ಕುಮಾರ್ ‘ಲೂಸಿಯಾ’ ಮಾಡಿದರು. ಅದು ಜನರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ, ಕ್ಯಾಮೆರಾ ಸಿದ್ಧಾರ್ಥ ನೂನಿ. ಥಿಯೇಟರಿನಲ್ಲಿ ಟಾರ್ಚ್ ಬಿಡೋ ಹುಡುಗನ ಬದುಕು ಕಲರ್‌ನಲ್ಲಿ, ಸಿನಿಮಾ ಸ್ಟಾರ್‌ನ ಬದುಕು ಕಪ್ಪುಬಿಳುಪಿನಲ್ಲಿ. ಯಾವುದು ಕನಸು, ಯಾವುದು ನಿಜ? ಕಪ್ಪುಬಿಳುಪು ಅಂದರೆ ಕನಸು ಅಥವಾ ಫ್ಲ್ಯಾಶ್‌ಬ್ಯಾಕ್ ಅಂತ ನಮ್ಮ ತಲೆಯಲ್ಲಿ ಒಂದು ರೂಲ್ ಕೂತಿದೆ. ಡೈರೆಕ್ಟರ್‌ಗೆ ಅದು ಗೊತ್ತು. ಆ ರೂಲನ್ನೇ ಹಿಡಿದು ಆಟ ಆಡಿಸ್ತಾರೆ. ನೋಡದೇ ಇದ್ದವರಿಗೆ ಉಳಿದದ್ದು ಹೇಳಿ ಪಾಪ ಕಟ್ಟಿಕೊಳ್ಳಲ್ಲ.

ಸುಮ್ಮನೆ ನಿಲ್ಲೋ ಕ್ಯಾಮೆರಾ

ಇಷ್ಟೊತ್ತು ಕ್ಯಾಮೆರಾ ಏನೇನು ಮಾಡುತ್ತೆ ಅಂತ ನೋಡಿದ್ವಿ. ಏನೂ ಮಾಡದೇ ಇರೋದೂ ಒಂದು ಟೆಕ್ನಿಕ್. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಮಾರನೇ ವರ್ಷ ನಮ್ಮ ಥಿಯೇಟರಿಗೆ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರು, ಅಲ್ಲಿನ ಹಳ್ಳಿ ಜನರೇ ನಟರು. ಅವರಲ್ಲಿ ಯಾರೂ ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ. ಈರೇಗೌಡರು ಸೇರಿ ಬರೆದ ಕಥೆ, ಡೊರಾನ್ ಟೆಂಪರ್ಟ್ ಕ್ಯಾಮೆರಾ. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ, ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ಏನೇನು ಮಾಡ್ತಾರೆ ಅನ್ನೋದೇ ಕಥೆ.

ಸಾವಿನ ಮನೆ ಕಥೆಗೆ ನಗು ಬರೋದು ಹೇಗೆ? ಕ್ಯಾಮೆರಾ ಬಹಳಷ್ಟು ಕಡೆ ಆತುರಪಡಲ್ಲ. ಹೊಲ, ದಾರಿ, ಅದರಲ್ಲಿ ನಡೆದುಹೋಗೋ ಗಡ್ಡಪ್ಪ. ‘ಇಲ್ಲಿ ಅಳಿ’, ‘ಇಲ್ಲಿ ನಗಿ’ ಅಂತ ಮುಖಕ್ಕೆ ನುಗ್ಗಿ ತೋರಿಸಲ್ಲ. ನಟನೆ ಕಲಿಯದ ರೈತನಿಗೆ ಒಂದೇ ಮಾತನ್ನ ಎಂಟು ಕೋನದಲ್ಲಿ ಎಂಟು ಸಲ ಹೇಳಿಸಿದರೆ ಒಂಬತ್ತನೇ ಸಲಕ್ಕೆ ಮಾತು ಸತ್ತಿರುತ್ತೆ. ಅದರ ಬದಲು ಕ್ಯಾಮೆರಾ ದೂರ ಇಟ್ಟು, ಅವರ ಪಾಡಿಗೆ ಬಿಟ್ಟರೆ ಅವರು ತಮ್ಮ ಊರಲ್ಲಿರೋ ಹಾಗೇ ಇರ್ತಾರೆ. ಇಲ್ಲಿ ಟೆಕ್ನಿಕ್ ಅನ್ನೋದು ಮರ್ಯಾದೆ ಕೊಡೋ ಒಂದು ರೀತಿ.

ಈ ಮರ್ಯಾದೆ ವಿಷಯಕ್ಕೇ ನಾವು ಬರಬೇಕಿತ್ತು. ಕಾಲೇಜುಗಳಲ್ಲಿ ತೆಗೆಯೋ ಕಿರುಚಿತ್ರಗಳು ಈಗ ಹೆಚ್ಚಾಗಿ ಡ್ರೋನ್ ಶಾಟ್‌ನಿಂದ ಶುರುವಾಗುತ್ತವೆ. ದೇವರಾಯನದುರ್ಗದ ಬೆಟ್ಟ, ಮಂಜು, ಹಸಿರು. ತಪ್ಪೇನಿಲ್ಲ. ಆದರೆ ಡ್ರೋನಿನಿಂದ ಊರ್ಡಿಗೆರೆ ಚೆನ್ನಾಗಿ ಕಾಣುತ್ತೆ, ಊರ್ಡಿಗೆರೆಯವರು ಕಾಣಲ್ಲ. ಅಷ್ಟು ಎತ್ತರದಿಂದ ನಮ್ಮ ಅಜ್ಜಿ ಒಂದು ಚುಕ್ಕಿ. ಇನ್ನೊಂದು ಕಡೆ ರೀಲ್ಸ್ ಇವೆ. ದಾರೀಲಿ ಕೂತ ವಯಸ್ಸಾದವರ ಮುಖಕ್ಕೆ ಕೇಳದೇ ಫೋನ್ ಹಿಡಿದು, ಅಳೋ ಮ್ಯೂಸಿಕ್ ಹಾಕಿ ಬಿಡೋದು. ಒಂದು ತೀರಾ ದೂರ, ಇನ್ನೊಂದು ತೀರಾ ಹತ್ತಿರ. ಎರಡರಲ್ಲೂ ಮನುಷ್ಯರು ತಪ್ಪಿಹೋಗ್ತಾರೆ. ಕಾಸರವಳ್ಳಿ ಯಮುನಾ ಕಥೆಗೆ ನಾಣಿಯ ಕಣ್ಣು ಹುಡುಕಿದ್ದು, ರಾಮ್ ರೆಡ್ಡಿ ಗಡ್ಡಪ್ಪನನ್ನ ಅವನ ದಾರಿಯಲ್ಲೇ ನಡೆಯೋಕೆ ಬಿಟ್ಟಿದ್ದು ಶೋಕಿಗೆ ಅಲ್ಲ. ಆ ಜನರನ್ನ ಕಳಕೊಳ್ಳದೇ ತೋರಿಸೋಕೆ ಬೇರೆ ದಾರಿ ಇರಲಿಲ್ಲ.

ನಮ್ಮ ಕೈಯಲ್ಲಿರೋ ಫೋನು

‘ಕಥೆ ಸೂಪರ್ ಮಗಾ, ಆದರೆ ಕ್ಯಾಮೆರಾ ಇಲ್ವಲ್ಲ’ ಅನ್ನೋರಿಗೆ ಒಂದು ಲೆಕ್ಕ. ಮೇಲೆ ಹೇಳಿದ್ದರಲ್ಲಿ ಎತ್ತರಕ್ಕೆ ದುಡ್ಡು ಬೇಡ. ಬಿಸಿಲಿಗೆ ದುಡ್ಡು ಬೇಡ. ಕನ್ನಡಿ ಮನೆಯಲ್ಲಿದೆ, ಅದಿಲ್ಲದಿದ್ದರೆ ಬಿಳಿ ಥರ್ಮಾಕೋಲ್ ಶೀಟ್ ಸಾಕು, ಮುಖದ ನೆರಳಿನ ಕಡೆಗೆ ಹಿಡಿದರೆ ಬೆಳಕು ಮೃದುವಾಗಿ ವಾಪಸ್ ಬರುತ್ತೆ. ಕಾಯೋಕೆ ದುಡ್ಡು ಬೇಡ.

ಶುರು ಮಾಡೋರಿಗೆ ನಾಲ್ಕು ಮಾತು.

ಒಂದು, ಶೂಟ್ ಶುರುವಾಗೋ ಮುಂಚೆ ಸ್ಕ್ರೀನಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ಸನ್ನೂ ಬೆಳಕನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಬಸ್ ಅಡ್ಡ ಬಂದ ಕೂಡಲೇ ಫೋನ್ ತಾನೇ ಬೆಳಕು ಹೆಚ್ಚುಕಮ್ಮಿ ಮಾಡಿ ಅಜ್ಜಿಯ ಮುಖ ಕೆಡಿಸುತ್ತೆ.

ಎರಡು, ಝೂಮ್ ಮಾಡಬೇಡಿ. ಬೆರಳಲ್ಲಿ ಎಳೆದು ಝೂಮ್ ಮಾಡಿದರೆ ಫೋನ್ ಬಹಳ ಸಲ ಇರೋ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತೆ, ಚಿತ್ರ ಒಡೆಯುತ್ತೆ. ಹತ್ತಿರ ಬೇಕಾದರೆ ನಡೆದು ಹೋಗಿ.

ಮೂರು, ಶಾಟ್ ಮುಗೀತು ಅನ್ನಿಸಿದ ಮೇಲೂ ಹತ್ತು ಸೆಕೆಂಡ್ ರೆಕಾರ್ಡಿಂಗ್ ನಿಲ್ಲಿಸಬೇಡಿ. ಒಳ್ಳೇದು ಬಹಳ ಸಲ ಆ ಹತ್ತು ಸೆಕೆಂಡಿನಲ್ಲೇ ನಡೆಯುತ್ತೆ.

ನಾಲ್ಕು, ನಿಜವಾದ ಅಜ್ಜಿಯನ್ನ ತೆಗೆಯೋದಾದರೆ ಮೊದಲು ಹೋಗಿ ಪಕ್ಕ ಕೂತು ‘ಅಜ್ಜಿ, ತೆಗೀಲಾ?’ ಅಂತ ಕೇಳಿ. ಬೇಡ ಅಂದರೆ ಫೋನ್ ಜೇಬಿಗೆ. ಹೂಂ ಅಂದರೆ, ಅವರ ಪಕ್ಕ ಕೂತಾಗ ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿತ್ತೋ ಫೋನ್ ಅಷ್ಟೇ ಎತ್ತರಕ್ಕೆ ಬರಲಿ.

ಈಗ ಮನೆಗೆಲಸ. ಇದೇ ಬಸ್ ಸ್ಟಾಪ್ ಕಥೆಯನ್ನ ಮೂರೇ ಶಾಟ್‌ನಲ್ಲಿ, ಒಂದೂ ಮಾತಿಲ್ಲದೆ, ಒಂದು ನಿಮಿಷದೊಳಗೆ ತೆಗೆಯಿರಿ. ಅಜ್ಜಿ ಬದಲು ತಾತ ಇರಲಿ, ಬಸ್ ಬದಲು ರೈಲಿರಲಿ, ಊರ್ಡಿಗೆರೆ ಬದಲು ಗುಬ್ಬಿ, ಕುಣಿಗಲ್, ನಿಮ್ಮೂರು ಯಾವುದಾದರೂ ಇರಲಿ. ಇಂಟರ್ನಲ್ಸ್ ಮುಗಿದ ಮೇಲೆ ಕ್ಲಬ್ಬಿನಲ್ಲಿ ಎಲ್ಲರದ್ದನ್ನೂ ಒಟ್ಟಿಗೆ ಹಾಕಿ ನೋಡೋಣ, ಯಾರ್ಯಾರ ಅಜ್ಜಿ ಯಾರ್ಯಾರಿಗೆ ಕಾಯ್ತಿದ್ದಾರೆ ಅಂತ.